ಕಸಬಿನ ಶಿಕ್ಷಣದ ಫಲವನ್ನು ಅಳೆಯುವ ಬಗೆ



ಯಲಹಂಕದ ಸಮೀಪದಲ್ಲಿ ಪುಟ್ಟೇನಹಳ್ಳಿಯೆಂಬ ಊರಿದೆ, ಅಲ್ಲೊಂದು ಕೆರೆಯಿದೆ. 2015ರಲ್ಲಿ ಸರ್ಕಾರದವರು ಆ ಕೆರೆಯನ್ನು ಪಕ್ಷಿಗಳ ಸಂರಕ್ಷಣೆಗಾಗಿ ಮೀಸಲಾದ ಪ್ರದೇಶವೆಂದು ಸಾರಿದರು. ಹಕ್ಕಿಗಳಲ್ಲಿ ಆಸಕ್ತಿಯುಳ್ಳ ಮಹನೀಯರು ಬೆಳಗಿನ ಜಾವದಲ್ಲಿ ದುರ್ಬೀನನ್ನು ಹಿಡಿದು ಅಲ್ಲಿಗೆ ಬಂದು ನಿಲ್ಲುವುದುಂಟು. ಅವರು ಒಂದು ದಿನ ಎಣಿಸಿ ಸುಮ್ಮನಾಗುವವರಲ್ಲ. ಮಳೆಗಾಲದಲ್ಲಿ ಎಣಿಸುವರು, ಚಳಿಗಾಲದಲ್ಲಿ ಎಣಿಸುವರು, ಮರುವರ್ಷ ಬಂದು ಮತ್ತೆ ಎಣಿಸುವರು; ಕಳೆದ ಸಲ ಬಂದ ಹಕ್ಕಿಯು ಈ ಸಲ ಬಾರದಿದ್ದರೆ ಏಕೆ ಬರಲಿಲ್ಲವೆಂದು ಚಿಂತಿಸುವರು. ಅದೇ ಊರಿನಲ್ಲಿ ಹೊಲಿಗೆಯನ್ನೋ, ವಿದ್ಯುತ್ತಿನ ಕೆಲಸವನ್ನೋ, ಕಂಪ್ಯೂಟರಿನ ಕೆಲಸವನ್ನೋ ಕಲಿತ ತರುಣ ತರುಣಿಯರನ್ನು ಎಣಿಸುವುದಾದರೋ ಸಾಮಾನ್ಯವಾಗಿ ಒಂದೇ ಒಂದು ದಿನ. ಅದು ಯೋಗ್ಯತಾಪತ್ರಗಳನ್ನು ಹಂಚುವ ದಿನ. ಆಮೇಲೆ ಅವರು ಎಲ್ಲಿಗೆ ಹೋದರು, ಏನಾದರು, ಕಲಿತ ಕಸಬಿನಿಂದ ಅವರ ಸಂಸಾರಕ್ಕೆ ಒಂದು ಸೇರು ಅಕ್ಕಿ ಹೆಚ್ಚಾಗಿ ಬಂದಿತೇ ಎಂಬುದನ್ನು ಕೇಳುವವರು ಅಪರೂಪ.

ಕಸಬಿನ ಶಿಕ್ಷಣದ ಪ್ರಯೋಜನವನ್ನು ಹೇಗೆ ಅಳೆಯಬೇಕು ಎಂಬುದನ್ನು ಕುರಿತು ಈ ಸಾಯಂಕಾಲ ಕೆಲವು ಮಾತುಗಳನ್ನು ಅರಿಕೆಮಾಡಿಕೊಳ್ಳಲು ಉದ್ದೇಶಿಸಿರುವೆವು. ಇಂತಹ ಶಿಕ್ಷಣವು ಬೇಕೋ ಬೇಡವೋ ಎಂಬ ವಾದವು ನಮಗೆ ಬೇಕಾಗಿಲ್ಲ. ಆ ವಾದವನ್ನು ನಮ್ಮ ನಾಡಿನ ಹಿರಿಯರು ಒಂದು ಶತಮಾನಕ್ಕೂ ಹಿಂದೆಯೇ ತೀರ್ಮಾನಮಾಡಿಬಿಟ್ಟಿರುವರು. ಹೆಬ್ಬಾಳದಲ್ಲಿ ಕೃಷಿ ಪಾಠಶಾಲೆಯು ಪ್ರಾರಂಭವಾದುದು 1913ರಲ್ಲಿ. ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಮರದ ಕೆತ್ತನೆಯನ್ನೂ ಬೀಟೆಯ ಮೇಲಣ ಕುಸುರಿಯನ್ನೂ ಕಲಿಸುತ್ತಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ತಾವು ಮುಟ್ಟದೆ, ಅದನ್ನು ತರುಣರಿಗೆ ಕಸಬು ಕಲಿಸುವ ಒಂದು ಸಂಸ್ಥೆಗೆ ವಿನಿಯೋಗಿಸಬೇಕೆಂದು ಕೇಳಿಕೊಂಡರು. 1943ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅದರ ಫಲ. ತಮ್ಮ ಹೆಸರನ್ನಿಡುವುದನ್ನು ಒಪ್ಪದೆ ಮಹಾರಾಜರ ಹೆಸರನ್ನಿಡಿಸಿದವರೂ ಅವರೇ. ಇಷ್ಟು ದೊಡ್ಡವರು ಇಷ್ಟು ನಂಬಿ ನೆಟ್ಟ ಗಿಡವು ಹಣ್ಣು ಬಿಟ್ಟಿತೇ ಎಂದು ನೋಡುವುದು ಗಿಡಕ್ಕೆ ಮಾಡುವ ಅವಮಾನವೇನೂ ಅಲ್ಲ.

ಪುಟ್ಟೇನಹಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಂಡುದಕ್ಕೆ ಕಾರಣವುಂಟು. ಹಳ್ಳಿಯೆಂದು ಹೆಸರಿದ್ದರೂ 2007ರಿಂದೀಚೆಗೆ ಯಲಹಂಕದ ಸುತ್ತಿನ ಈ ಪ್ರದೇಶವು ಬೆಂಗಳೂರಿನ ನಗರಾಡಳಿತಕ್ಕೆ ಸೇರಿಹೋಗಿದೆ. ಇದರ ನೆರೆಹೊರೆಯಲ್ಲಿ ಉದ್ಯೋಗದ ಬಾಗಿಲುಗಳು ಒಂದೆರಡಲ್ಲ. ಯಲಹಂಕದಲ್ಲಿ 1984ರಲ್ಲಿ ಪ್ರಾರಂಭವಾದ ರೈಲ್ವೆ ಗಾಲಿ ಮತ್ತು ಅಚ್ಚಿನ ಕಾರ್ಖಾನೆಯಿದೆ. ದೇವನಹಳ್ಳಿಯ ಕಡೆಗೆ ಹೋದರೆ 2008ರ ಮೇ ತಿಂಗಳಿನಲ್ಲಿ ತೆರೆದ ವಿಮಾನ ನಿಲ್ದಾಣ. ದೊಡ್ಡಬಳ್ಳಾಪುರದ ಕಡೆಗೆ ಹೋದರೆ ರೇಷ್ಮೆಯ ಮಗ್ಗಗಳು. ಪಶ್ಚಿಮಕ್ಕೆ ತಿರುಗಿದರೆ ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳು. ಇಂತಹ ಊರಿನಲ್ಲಿ ಕಸಬು ಕಲಿತ ಹುಡುಗನಿಗೆ ಕೆಲಸ ದೊರೆತರೆ ಅದು ಕಲಿತುದರ ಫಲವೋ, ಊರು ಇರುವ ಜಾಗದ ಫಲವೋ? ಬೇಸಾಯವೊಂದನ್ನೇ ನೆಚ್ಚಿದ ದೂರದ ಊರಿನಲ್ಲಿ ಈ ಸಂದೇಹವು ಇಷ್ಟು ತೀಕ್ಷ್ಣವಾಗಿ ಹುಟ್ಟಲಾರದು.

ಕೆಲವು ಕಾಲದ ಹಿಂದೆ ನಾವು ಆ ಕಡೆಗೆ ಹೋಗಿದ್ದಾಗ ಪರಿಚಿತರೊಬ್ಬರ ಮೂಲಕ ಒಂದು ಮನೆಗೆ ಹೋಗಿದ್ದೆವು. ತಾಯಿಯು ಮನೆಗೆಲಸಗಳಿಗೆ ಹೋಗಿ ಸಂಸಾರ ನಡೆಸುವವರು. ಗೋಡೆಯ ಮೇಲೆ ದೇವರ ಪಟಗಳ ಪಕ್ಕದಲ್ಲಿಯೇ ಮಗಳ ಯೋಗ್ಯತಾಪತ್ರಕ್ಕೆ ಕಟ್ಟುಹಾಕಿಸಿ ನೇತುಹಾಕಿದ್ದರು. ಆಕೆ ಮೂರು ತಿಂಗಳು ಹೊಲಿಗೆಯನ್ನು ಕಲಿತವಳು. ಹೊಲಿಗೆಯ ಯಂತ್ರವು ಮಾತ್ರ ಮನೆಯಲ್ಲೆಲ್ಲಿಯೂ ಕಾಣಲಿಲ್ಲ.

“ಕಲಿತ ಮೇಲೆ ಅವರು ಯಾರಾದರೂ ಬಂದು ವಿಚಾರಿಸಿದರೇನಮ್ಮಾ?” ಎಂದು ಕೇಳಿದೆವು.

“ಒಂದು ಸಲ ಫೋನು ಬಂದಿತ್ತು ಸಾರ್. ಈಗ ಕೆಲಸ ಮಾಡ್ತಿದ್ದೀಯೇನಮ್ಮಾ ಅಂದ್ರು. ಸೋದರಮಾವನ ತರಕಾರಿ ಅಂಗಡೀಲಿ ಕೂತಿದ್ದೆ. ಹೂಂ ಅಂದೆ. ಸರಿ ಅಂತ ಬರಕೊಂಡ್ರು.”

“ಏನು ಕೆಲಸವೆಂದು ಕೇಳಲಿಲ್ಲವೇ?”

“ಇಲ್ಲ ಸಾರ್.”

ಹೀಗೆ, ಟೊಮೇಟೊ ಹಣ್ಣನ್ನು ತೂಗುತ್ತಿದ್ದ ಹುಡುಗಿಯು ಯಾವುದೋ ಒಂದು ಪಟ್ಟಿಯಲ್ಲಿ ಹೊಲಿಗೆ ಕಲಿತು ಉದ್ಯೋಗಸ್ಥಳಾದವಳೆಂದು ದಾಖಲಾಗಿರಬೇಕು. ಪಕ್ಕದ ಮನೆಯ ಹುಡುಗಿಯೂ ಆ ತರಗತಿಗೆ ಅರ್ಜಿ ಹಾಕಿದ್ದವಳೇ; ಸ್ಥಳವಿಲ್ಲವೆಂದು ಸೇರಲಾಗಲಿಲ್ಲವಂತೆ. ಆಕೆ ಸಿದ್ಧ ಉಡುಪಿನ ಕಾರ್ಖಾನೆಯೊಂದಕ್ಕೆ ಸಹಾಯಕಳಾಗಿ ಸೇರಿ, ಅಲ್ಲಿಯೇ ಯಂತ್ರವನ್ನು ತುಳಿಯುವುದನ್ನು ಕಲಿತು, ಈಗ ತಿಂಗಳ ಸಂಬಳವನ್ನು ತರುತ್ತಿರುವಳು. ಇಬ್ಬರು ಹುಡುಗಿಯರ ಕಥೆಯಿಂದ ಒಂದು ಸಿದ್ಧಾಂತವನ್ನು ಕಟ್ಟುವುದು ತಪ್ಪು. ನಾವು ಕಟ್ಟುವುದೂ ಇಲ್ಲ. ಆದರೆ ಅಳತೆಯಲ್ಲಿ ಎಲ್ಲೆಲ್ಲಿ ತಪ್ಪು ಸಂಭವಿಸಬಹುದೋ ಅವೆಲ್ಲವೂ ಈ ಎರಡು ಮನೆಗಳ ನಡುವಣ ಒಂದೇ ಗೋಡೆಯಲ್ಲಿ ಅಡಗಿವೆ.

ಮೊದಲನೆಯದಾಗಿ ಎಣಿಕೆಯ ವಿಷಯ. ಸೇರಿದವರನ್ನು ಎಣಿಸುವುದು ಸುಲಭ. ತೇರ್ಗಡೆಯಾದವರನ್ನು ಎಣಿಸುವುದು ಅದಕ್ಕಿಂತ ತುಸು ಕಷ್ಟ. ಉದ್ಯೋಗ ದೊರೆತವರನ್ನು ಎಣಿಸುವುದು ಇನ್ನೂ ಕಷ್ಟ. ಕಷ್ಟ ಹೆಚ್ಚಿದಷ್ಟೂ ಅಂಕಿಗಳು ಇಳಿಯುತ್ತ ಬರುವುವು. 2015ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರದವರು ಪ್ರಾರಂಭಿಸಿದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಮೊದಲನೆಯ ಘಟ್ಟದಲ್ಲಿ ತರಬೇತಿ ಪಡೆದವರು ಸುಮಾರು 20 ಲಕ್ಷ ಮಂದಿ. ಉದ್ಯೋಗ ದೊರೆಯಿತೆಂದು ವರದಿಯಾದವರು ಸುಮಾರು ಎರಡೂವರೆ ಲಕ್ಷ. ಅನಂತರದ ಘಟ್ಟಗಳಲ್ಲಿ ನಿಯಮಗಳು ಬಿಗಿಯಾದುವು, ಪ್ರಮಾಣವೂ ಏರಿತು. 2015ರಿಂದ 2022ರವರೆಗಣ ಕಾಲವನ್ನು ಪರಿಶೋಧಿಸಿ ಭಾರತದ ಮಹಾಲೇಖಪಾಲರು ಸಲ್ಲಿಸಿದ ವರದಿಯು 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದಿತು. ಅಲ್ಪಾವಧಿಯ ತರಬೇತಿಯಲ್ಲಿ ಯೋಗ್ಯತಾಪತ್ರ ಪಡೆದವರ ಪೈಕಿ ಉದ್ಯೋಗ ದೊರೆತವರು ನೂರಕ್ಕೆ 41 ಮಂದಿಯೆಂದು ಅದರಿಂದ ತಿಳಿದುಬರುವುದು. ಅದಕ್ಕಿಂತಲೂ ನಮ್ಮ ಗಮನವನ್ನು ಸೆಳೆದುದು ಬೇರೊಂದು ಅಂಕಿ. ಸುಮಾರು 96 ಲಕ್ಷ ಅಭ್ಯರ್ಥಿಗಳ ದಾಖಲೆಗಳನ್ನು ನೋಡಲಾಗಿ, ನೂರಕ್ಕೆ 94ಕ್ಕೂ ಹೆಚ್ಚು ಮಂದಿಯ ಬ್ಯಾಂಕಿನ ಖಾತೆಯ ವಿವರವಿರಬೇಕಾದ ಸ್ಥಳವು ಬರಿದಾಗಿತ್ತು, ಇಲ್ಲವೇ ಸೊನ್ನೆಗಳಿಂದ ತುಂಬಿತ್ತು. ಹಣವು ಸೇರಬೇಕಾದವರ ಖಾತೆಯೇ ಬರಿದಾಗಿರುವ ಪಟ್ಟಿಯಲ್ಲಿ, ಅವರ ಬಾಳಿನ ಮುಂದಿನ ಕಥೆಯನ್ನು ಹುಡುಕುವುದೆಂತು?

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಆ ಯೋಜನೆಯ ಮೊದಲ ಮೂರು ಘಟ್ಟಗಳಲ್ಲಿ, ಎಂದರೆ 2021-22ನೆಯ ಸಾಲಿನವರೆಗೆ, ಅಲ್ಪಾವಧಿಯ ತರಬೇತಿಯನ್ನು ಪಡೆದವರಲ್ಲಿ ಎಷ್ಟು ಮಂದಿಗೆ ಉದ್ಯೋಗ ದೊರೆಯಿತೆಂಬ ಲೆಕ್ಕವನ್ನು ಹಿಡಿಯುತ್ತಿದ್ದರು. ನಾಲ್ಕನೆಯ ಘಟ್ಟದಲ್ಲಿ ಆ ಕ್ರಮವನ್ನು ಬಿಟ್ಟರು. ಅಭ್ಯರ್ಥಿಗಳು ತಮತಮಗೆ ತೋರಿದ ಮಾರ್ಗವನ್ನು ಆರಿಸಿಕೊಳ್ಳುವಂತೆ ಅವರನ್ನು ಸಮರ್ಥರನ್ನಾಗಿ ಮಾಡುವುದೇ ಉದ್ದೇಶವೆಂದು ಸಂಸತ್ತಿಗೆ ಉತ್ತರವಿತ್ತರು. ಉದ್ದೇಶವು ಒಳ್ಳೆಯದೇ ಇರಬಹುದು. ಸಂಬಳದ ಚಾಕರಿಯೊಂದೇ ಮನುಷ್ಯನ ಗುರಿಯಲ್ಲವೆಂಬುದೂ ನಿಜ. ಆದರೆ ತಕ್ಕಡಿಯು ಕಡಮೆ ತೋರಿಸಿತೆಂದು ತಕ್ಕಡಿಯನ್ನೇ ಒಳಗಿಟ್ಟಂತೆ ನಮಗೆ ಕಾಣುವುದು. ತಕ್ಕಡಿಯು ಸರಿಯಿಲ್ಲದಿದ್ದರೆ ಸರಿಯಾದುದನ್ನು ತರಿಸಬೇಕಾಗಿದ್ದಿತು.

ತಕ್ಕಡಿಯು ಸರಿಯಿರಲಿಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಅದೇ ಎರಡನೆಯ ವಿಷಯ. ನೂರಕ್ಕೆ 41 ಎಂಬ ಅಂಕಿಯು ಅಕ್ಷರಶಃ ಸತ್ಯವೆಂದೇ ಇಟ್ಟುಕೊಳ್ಳೋಣ. ಅದರಿಂದ ತರಬೇತಿಯು ಫಲಿಸಿತೆಂದಾಗಲಿ ಫಲಿಸಲಿಲ್ಲವೆಂದಾಗಲಿ ಹೇಳುವುದು ಸಾಧ್ಯವಿಲ್ಲ. ಏಕೆಂದರೆ ಅದೇ 41 ಮಂದಿಯಲ್ಲಿ ತರಬೇತಿಯಿಲ್ಲದಿದ್ದರೂ ಕೆಲಸ ಹಿಡಿಯುತ್ತಿದ್ದವರು ಎಷ್ಟು ಮಂದಿ ಎಂಬುದು ತಿಳಿಯದು. ಮೂವತ್ತೊಂಬತ್ತು ಮಂದಿಯಾಗಿದ್ದರೆ ಆ ಶ್ರಮವೆಲ್ಲ ಇಬ್ಬರಿಗಾಗಿ. ಹತ್ತೇ ಮಂದಿಯಾಗಿದ್ದರೆ ಅದು ದೊಡ್ಡ ಸಾಧನೆ.

ಈ ತತ್ತ್ವವನ್ನು ತಿಳಿಯುವುದಕ್ಕೆ ಪುಟ್ಟೇನಹಳ್ಳಿಯವರು ಬಹು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಕಡೆಗೆ ಬಂದರೆ ಹೆಬ್ಬಾಳವು ಸಿಕ್ಕುವುದು. ಅಲ್ಲಿ 1899ರಲ್ಲಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದ ಕಾಲದಲ್ಲಿ, ಬೇಸಾಯದ ಪ್ರಯೋಗಗಳಿಗಾಗಿ 30 ಎಕರೆ ಭೂಮಿಯನ್ನು ಕೊಟ್ಟರು. ಕೃಷಿಪ್ರಯೋಗದ ರೀತಿಯು ಎಲ್ಲ ರೈತರಿಗೂ ಅರ್ಥವಾಗುವಂತಹುದು. ಒಂದು ಹೊಸ ಗೊಬ್ಬರದ ಗುಣವನ್ನು ನೋಡಬೇಕಾದರೆ ಗೊಬ್ಬರ ಹಾಕಿದ ಹೊಲದಲ್ಲಿ ಎಷ್ಟು ಪಲ್ಲ ರಾಗಿ ಬಂದಿತೆಂದು ಅಳೆದರೆ ಸಾಲದು. ಆ ವರ್ಷ ಮಳೆ ಚೆನ್ನಾಗಿ ಆಗಿದ್ದರೆ ಗೊಬ್ಬರವಿಲ್ಲದೆಯೂ ಅಷ್ಟೇ ಬರುತ್ತಿತ್ತೋ ಏನೋ! ಆದಕಾರಣ ಪಕ್ಕಪಕ್ಕದಲ್ಲಿ ಮಡಿಗಳನ್ನು ಮಾಡಿ, ಎಲ್ಲಕ್ಕೂ ಒಂದೇ ಬೀಜ, ಒಂದೇ ಉಳುಮೆ, ಒಂದೇ ಮಳೆಯಿರುವಂತೆ ನೋಡಿಕೊಂಡು, ಕೆಲವಕ್ಕೆ ಗೊಬ್ಬರವನ್ನು ಹಾಕಿ ಕೆಲವನ್ನು ಹಾಗೆಯೇ ಬಿಡುವರು. ಎರಡರ ಇಳುವರಿಗೂ ಇರುವ ಅಂತರವೇ ಗೊಬ್ಬರದ ಫಲ. ಯಾವ ಮಡಿಗೆ ಗೊಬ್ಬರವೆಂಬುದನ್ನು ಪ್ರಯೋಗ ಮಾಡುವವರು ಕಣ್ಣಳತೆಯಿಂದ ಆರಿಸಕೂಡದು. ಆರಿಸಿದರೆ ತಿಳಿಯದೆಯೇ ಒಳ್ಳೆಯ ಮಣ್ಣಿರುವ ಕಡೆಗೆ ಕೈಹೋಗುವುದು. ಚೀಟಿಯೆತ್ತಿ ತೀರ್ಮಾನಿಸಬೇಕು.

ಮನುಷ್ಯರ ವಿಷಯದಲ್ಲಿ ಈ ಎಚ್ಚರಿಕೆಯು ಇಮ್ಮಡಿಯಾಗಿ ಬೇಕು. ತರಬೇತಿಗೆ ಬರುವ ತರುಣನು ಮನೆಯಲ್ಲಿ ಕುಳಿತ ತರುಣನಂತಹವನಲ್ಲ. ಆತನಲ್ಲಿ ಹುರುಪು ಹೆಚ್ಚು, ಮನೆಯವರ ಪ್ರೋತ್ಸಾಹವು ಹೆಚ್ಚು. ತರಬೇತಿಯಿಲ್ಲದಿದ್ದರೂ ಆತನು ಹೇಗೋ ಮೇಲೆ ಬರುತ್ತಿದ್ದನು. ಇದಕ್ಕೆ ವಿರೋಧವಾಗಿಯೂ ಆಗುವುದುಂಟು. ಅಮೆರಿಕದ ಆರ್ಥಿಕಶಾಸ್ತ್ರಜ್ಞರಾದ ಓರ್ಲಿ ಆಷನ್‌ಫೆಲ್ಟರ್ ಎಂಬವರು 1978ರಲ್ಲಿ ಒಂದು ವಿಚಿತ್ರವನ್ನು ತೋರಿಸಿಕೊಟ್ಟರು: ತರಬೇತಿಗೆ ಸೇರುವವರ ಸಂಪಾದನೆಯು ಸೇರುವುದಕ್ಕೆ ಸ್ವಲ್ಪ ಮುಂಚೆ ಕುಸಿದಿರುವುದು. ಕೆಲಸ ಕಳೆದುಕೊಂಡವನೇ ಅಲ್ಲವೇ ಕಸಬು ಕಲಿಯಲು ಬರುವವನು? ಹಾಗೆ ಕುಸಿದುದು ಕಾಲಕ್ರಮದಲ್ಲಿ ತಾನಾಗಿಯೇ ಏಳುವುದು ಸಹಜ. ಆಗ “ಸೇರುವಾಗ ಇಷ್ಟಿತ್ತು, ಈಗ ಇಷ್ಟಾಯಿತು” ಎಂದು ಲೆಕ್ಕ ತೋರಿಸಿದರೆ, ಜ್ವರವು ತಾನಾಗಿ ಬಿಟ್ಟ ದಿನ ಕಟ್ಟಿದ ತಾಯಿತಕ್ಕೆ ಕೀರ್ತಿ ಬಂದಂತಾಗುವುದು.

ಚೀಟಿಯೆತ್ತಿ ಪರೀಕ್ಷಿಸಿದ ಕೆಲವು ದೇಶಗಳ ಅನುಭವವನ್ನು ಇಲ್ಲಿ ಹೇಳುವುದು ಉಚಿತ. ತುರ್ಕಿ ದೇಶದಲ್ಲಿ 2010-11ರಲ್ಲಿ ನಿರುದ್ಯೋಗಿಗಳಿಗೆ ನಡೆಸಿದ ತರಬೇತಿಗಳಿಗೆ ಸ್ಥಳಕ್ಕಿಂತ ಹೆಚ್ಚು ಅರ್ಜಿಗಳು ಬಂದುವು. ಸುಮಾರು 5,900 ಅರ್ಜಿದಾರರಲ್ಲಿ ಯಾರಿಗೆ ಸ್ಥಳವೆಂಬುದನ್ನು ಚೀಟಿಯಿಂದ ನಿರ್ಧರಿಸಿದರು. ಒಂದು ವರ್ಷದ ಮೇಲೆ ನೋಡಿದರೆ, ಸ್ಥಳ ದೊರೆತವರಿಗೂ ದೊರೆಯದವರಿಗೂ ಉದ್ಯೋಗದಲ್ಲಿ ಕಂಡ ಅಂತರವು ನೂರಕ್ಕೆ ಇಬ್ಬರ ಸುತ್ತಮುತ್ತ ಮಾತ್ರ. ಮೂರು ವರ್ಷದ ಹೊತ್ತಿಗೆ ಅದೂ ಕರಗಿತ್ತು. ಅಭ್ಯರ್ಥಿಗಳೂ, ತರಬೇತಿ ನಡೆಸಿದ ಅಧಿಕಾರಿಗಳೂ ಇದರ ಅನೇಕ ಪಟ್ಟು ಫಲವನ್ನು ನಿರೀಕ್ಷಿಸಿದ್ದರೆಂಬುದು ಗಮನಾರ್ಹ. ಅವರು ಸುಳ್ಳಾಡಿದರೆಂದಲ್ಲ, ಕಣ್ಣೆದುರಿಗೆ ಕಲಿತವರು ಕೆಲಸಕ್ಕೆ ಹೋಗುವುದು ಕಾಣುತ್ತಿತ್ತು, ಕಲಿಯದೆ ಕೆಲಸಕ್ಕೆ ಹೋದವರು ಕಾಣುತ್ತಿರಲಿಲ್ಲ. ಹಲವು ದೇಶಗಳ ಇಂತಹ ಪ್ರಯೋಗಗಳನ್ನು ಡೇವಿಡ್ ಮೆಕೆಂಜಿ ಎಂಬ ಆರ್ಥಿಕಶಾಸ್ತ್ರಜ್ಞರು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗಲೂ ನೂರು ಮಂದಿಗೆ ಕಲಿಸಿದರೆ ಹೆಚ್ಚಾಗಿ ಉದ್ಯೋಗ ಹಿಡಿಯುವವರು ಇಬ್ಬರೋ ಮೂವರೋ ಎಂದು ಕಂಡುಬಂದಿತು.

ಇದನ್ನು ಕೇಳಿ ಯಾರೂ ಹತಾಶರಾಗಬೇಕಾಗಿಲ್ಲ. ಸರಾಸರಿಯೆಂಬುದು ಕೆರೆಯ ಸರಾಸರಿ ಆಳದಂತೆ. ಅದನ್ನು ನಂಬಿ ಇಳಿಯಲೂ ಬಾರದು, ಅದಕ್ಕೆ ಹೆದರಿ ದಡದಲ್ಲಿ ನಿಲ್ಲಲೂ ಬಾರದು. ದಕ್ಷಿಣ ಅಮೆರಿಕದ ಕೊಲಂಬಿಯದಲ್ಲಿ 2005ರಲ್ಲಿ ಬಡ ತರುಣ ತರುಣಿಯರಿಗೆ ಮೂರು ತಿಂಗಳು ಪಾಠವನ್ನೂ, ಅನಂತರ ಮೂರು ತಿಂಗಳು ಕಂಪೆನಿಗಳಲ್ಲಿ ಕೈಕೆಲಸವನ್ನೂ ಕೊಡಿಸಿದರು. ಚೀಟಿಯಲ್ಲಿ ಸ್ಥಳ ದೊರೆತ ಹೆಂಗಸರ ಸಂಪಾದನೆಯು ದೊರೆಯದವರಿಗಿಂತ ಸುಮಾರು ಐದರಲ್ಲಿ ಒಂದು ಪಾಲು ಹೆಚ್ಚಾಗಿದ್ದಿತು. ವರ್ಷಗಳ ಮೇಲೆ ಮತ್ತೆ ವಿಚಾರಿಸಿದಾಗಲೂ ಆ ಪ್ರಯೋಜನವು ಪೂರ್ತಿ ಅಳಿಸಿಹೋಗಿರಲಿಲ್ಲ. ಪಾಠದ ಕೋಣೆಯಿಂದ ನೇರವಾಗಿ ಕೆಲಸದ ಮನೆಗೆ ಬಾಗಿಲಿದ್ದುದೇ ಇದಕ್ಕೆ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ನಮ್ಮ ದೇಶದ್ದೇ ಒಂದು ಉದಾಹರಣೆಯು ಪುಟ್ಟೇನಹಳ್ಳಿಯ ಹುಡುಗಿಯ ಕಥೆಗೆ ಬಹಳ ಹತ್ತಿರವಾದುದು. 2010ರಲ್ಲಿ ದೆಹಲಿಯ ಬಡಜನರ ವಸತಿಗಳಲ್ಲಿ ಎರಡು ಸ್ವಯಂಸೇವಾ ಸಂಸ್ಥೆಗಳು ಹೆಂಗಸರಿಗೆ ಆರು ತಿಂಗಳ ಹೊಲಿಗೆಯ ತರಬೇತಿಯನ್ನು ನಡೆಸಿದುವು. ಪುಷ್ಕರ್ ಮೈತ್ರ ಮತ್ತು ಸುಭಾ ಮಣಿ ಎಂಬ ವಿದ್ವಾಂಸರು ಅದರ ಫಲವನ್ನು ಚೀಟಿಯ ಕ್ರಮದಿಂದಲೇ ಅಳೆದರು. ಉದ್ಯೋಗದಲ್ಲಿ ನೂರಕ್ಕೆ ಆರು ಮಂದಿಯಷ್ಟು ಅಂತರ ಕಂಡಿತು. ಸಂಪಾದನೆಯಂತೂ ಒಂದಕ್ಕೆ ಎರಡೂವರೆಯಷ್ಟಾಯಿತು. ಒಂದೂವರೆ ವರ್ಷದ ಮೇಲೆಯೂ ಫಲವು ಉಳಿದಿದ್ದಿತು. ಎರಡೂವರೆ ಪಟ್ಟು ಎಂದು ಕೇಳಿದ ಕೂಡಲೆ ಬೆರಗಾಗಬಾರದು: ಮೊದಲು ಅವರಲ್ಲಿ ಹೆಚ್ಚಿನವರಿಗೆ ಸಂಪಾದನೆಯೇ ಇರಲಿಲ್ಲವಾದ್ದರಿಂದ ಚಿಕ್ಕ ಮೊತ್ತವೂ ದೊಡ್ಡ ಪಟ್ಟಾಗಿ ಕಾಣುವುದು. ಇಷ್ಟಾದರೂ ಸ್ಥಳ ದೊರೆತವರಲ್ಲಿ ಬಹಳ ಮಂದಿ ಕಲಿಕೆಯನ್ನು ಪೂರ್ತಿಮಾಡಲಿಲ್ಲ. ಕಾರಣಗಳನ್ನು ಹುಡುಕಿದರೆ ದೊರೆತುವು ಇವು: ತರಗತಿಯು ಮನೆಯಿಂದ ದೂರ, ಕಂಕುಳಿನ ಮಗುವನ್ನು ನೋಡಿಕೊಳ್ಳುವವರಿಲ್ಲ, ಕೈಯಲ್ಲಿ ಕಾಸಿಲ್ಲ. ಪಾಠವು ಚೆನ್ನಾಗಿಲ್ಲವೆಂಬುದು ಮುಖ್ಯವಾದ ಕಾರಣವಾಗಿರಲಿಲ್ಲ! ನೆರೆಯ ಪಾಕಿಸ್ತಾನದ ಪಂಜಾಬಿನಲ್ಲಿಯೂ, ತರಬೇತಿಯನ್ನು ಹಳ್ಳಿಯ ಒಳಗೇ ನಡೆಸಿದಾಗ ಸೇರುವ ಹೆಂಗಸರ ಸಂಖ್ಯೆಯು ಹಲವು ಪಟ್ಟು ಹೆಚ್ಚಿತು. ಊರಿನ ಎಲ್ಲೆಯನ್ನು ದಾಟುವುದೇ ಅವರಿಗೆ ಒಂದು ಅಡಚಣೆಯೆಂದು ಸಿದ್ಧವಾಯಿತು. ನಮ್ಮ ಹುಡುಗಿಯನ್ನು ಯಾರಾದರೂ ಸರಿಯಾಗಿ ವಿಚಾರಿಸಿದ್ದರೆ, “ಹೊಲಿಗೆ ಬರುತ್ತದೆ, ಯಂತ್ರವಿಲ್ಲ, ಕಾರ್ಖಾನೆಗೆ ಹೋಗಬಹುದು, ಎರಡು ಬಸ್ಸು ಬದಲಾಯಿಸಿ ರಾತ್ರಿ ಬರುವುದಕ್ಕೆ ಮನೆಯಲ್ಲಿ ಒಪ್ಪುವುದಿಲ್ಲ” ಎಂಬ ಉತ್ತರವು ದೊರೆಯುತ್ತಿತ್ತು, ಅದನ್ನೇ ಆಕೆ ನಮಗೆ ಹೇಳಿದುದು. ಈ ಉತ್ತರವಿದ್ದರೆ ಮುಂದಿನ ತರಗತಿಯ ಹಣದಲ್ಲಿ ಒಂದು ಪಾಲನ್ನು ಯಂತ್ರದ ಸಾಲಕ್ಕೆ ತಿರುಗಿಸಬಹುದಾಗಿದ್ದಿತು.

ಹಾಗೆ ಹಿಂದೆ ಬಿದ್ದು ವಿಚಾರಿಸುವ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲ. 1982ರಲ್ಲಿ ಉಜಿರೆಯಲ್ಲಿ ಶ್ರೀ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಕಾರದೊಡನೆ ಹುಟ್ಟಿದ ರುಡ್‌ಸೆಟ್ ಸಂಸ್ಥೆಯು ಇದಕ್ಕೆ ನಿದರ್ಶನ. ಅಲ್ಲಿ ಅಭ್ಯರ್ಥಿಗಳು ಸಂಸ್ಥೆಯಲ್ಲಿಯೇ ಉಳಿದು, ಖರ್ಚಿಲ್ಲದೆ, ಕೆಲವೇ ವಾರಗಳ ತರಬೇತಿಯನ್ನು ಪಡೆಯುವರು. ಅನಂತರ ಎರಡು ವರ್ಷ ಕಾಲ ಸಂಸ್ಥೆಯವರು ಅವರ ಬೆನ್ನಿಗಿದ್ದು, ಬ್ಯಾಂಕಿನ ಸಾಲವು ದೊರೆಯಿತೇ, ಅಂಗಡಿಯನ್ನು ತೆರೆದರೇ, ತೆರೆದುದು ನಡೆಯುತ್ತಿದೆಯೇ ಎಂದು ನೋಡುವರು. ಇವರ ಲೆಕ್ಕದಲ್ಲಿ ಪ್ರಧಾನವಾದ ಪದವು “ತರಬೇತಿ ಪಡೆದವರು” ಎಂಬುದಲ್ಲ, “ನೆಲೆಗೊಂಡವರು” ಎಂಬುದು. ಬೆಂಗಳೂರಿನ ಸುತ್ತಿನವರಿಗಾಗಿ ನೆಲಮಂಗಲದ ಬಳಿಯ ಅರಿಶಿನಕುಂಟೆಯಲ್ಲಿ ಇದರ ಶಾಖೆಯಿದೆ. ಕೇಂದ್ರ ಸರ್ಕಾರದವರು 2009ರಲ್ಲಿ ಈ ಮಾದರಿಯನ್ನೇ ದೇಶದ ಜಿಲ್ಲೆಗಳಿಗೆಲ್ಲ ಹರಡಲು ತೊಡಗಿದರು. ನಾವು ಈ ಕ್ರಮವನ್ನು ಮನಸಾರ ಮೆಚ್ಚುತ್ತೇವೆ. ಆದರೂ ಒಂದು ಕೊರತೆಯನ್ನು ಹೇಳದಿದ್ದರೆ ಇದುವರೆಗೆ ಆಡಿದ ಮಾತಿಗೆ ದ್ರೋಹವಾದೀತು. ಮನೆಯನ್ನು ಬಿಟ್ಟು ಬಂದು ಕಲಿಯುವಷ್ಟು ಛಲವುಳ್ಳವನು ಸಂಸ್ಥೆಯಿಲ್ಲದಿದ್ದರೆ ಏನಾಗುತ್ತಿದ್ದನು ಎಂಬ ಪ್ರಶ್ನೆಯು ಅಲ್ಲಿಯೂ ಉಳಿಯುವುದು. ಗೊಬ್ಬರ ಹಾಕದ ಮಡಿ ಅಲ್ಲಿಯೂ ಇಲ್ಲ.

ಇನ್ನು ಕಾರ್ಖಾನೆಗಳೊಳಗಣ ಕಲಿಕೆಯ ವಿಷಯ. ಯಲಹಂಕದ ಗಾಲಿ ಕಾರ್ಖಾನೆಯಂತಹ ಸ್ಥಳಗಳಲ್ಲಿ ಫಿಟ್ಟರು, ಟರ್ನರು, ಎಲೆಕ್ಟ್ರಿಷಿಯನ್ ಮುಂತಾದ ಕಸಬುಗಳಿಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದುಂಟು. 1961ರ ಅಪ್ರೆಂಟಿಸ್ ಕಾನೂನಿನ ಪ್ರಕಾರ ಕಲಿಕೆಯು ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟು ಸಾಮಾನ್ಯವಾಗಿ ಮಾಲಿಕನಿಗಿಲ್ಲ. ಇದು ಅನ್ಯಾಯವೆಂದು ಕೆಲವರು ಹೇಳುವರು. ಅಳತೆಯ ದೃಷ್ಟಿಯಿಂದ ನೋಡುವವರಿಗೆ ಬೇರೆಯದೇ ಕಾಣುವುದು: ಒಂದು ಕಾರ್ಖಾನೆಯಲ್ಲಿ ಕಲಿತವನು ಇನ್ನೊಂದರಲ್ಲಿ, ಪೀಣ್ಯದ ಯಾವುದೋ ಲೇತಿನ ಮುಂದೆ, ಕೆಲಸ ಹಿಡಿದರೆ ಅದನ್ನು ಯಾರ ಲೆಕ್ಕಕ್ಕೆ ಬರೆಯುವುದು? ಕಲಿಸಿದವರ ಪುಸ್ತಕದಲ್ಲಿ ಆತನು ಹೊರಟುಹೋದವನು. ಕೆಲಸ ಕೊಟ್ಟವರ ಪುಸ್ತಕದಲ್ಲಿ ಹೊಸಬನು. ಎರಡು ಪುಸ್ತಕಗಳೂ ಒಂದೆಡೆ ಸೇರುವ ಏರ್ಪಾಡಿಲ್ಲದಿದ್ದರೆ ಒಳ್ಳೆಯ ಫಲವೂ ಕಾಣದೆ ಹೋಗುವುದು. ಅಳತೆಯೆಂದರೆ ತಪ್ಪು ಹುಡುಕುವುದೆಂದು ತಿಳಿದಿರುವ ಮೇಷ್ಟರುಗಳು ಇದನ್ನು ದಯಮಾಡಿ ಗಮನಿಸಬೇಕು.

ಪ್ರಕೃತ ನಮ್ಮ ರಾಜ್ಯದಲ್ಲಿಯೇ ಒಂದು ಒಳ್ಳೆಯ ಅವಕಾಶವಿದೆ. ಕರ್ನಾಟಕದ 150 ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು ಹೊಸ ಯಂತ್ರಗಳಿಂದ ಸಜ್ಜುಗೊಳಿಸಿ, 2022ರ ಜೂನ್ 20ರಂದು ಪ್ರಧಾನಮಂತ್ರಿಗಳು ಅವನ್ನು ಲೋಕಾರ್ಪಣೆ ಮಾಡಿದರು. ಇದಕ್ಕೆ ತಗುಲಿದ ವೆಚ್ಚವು 4,600 ಕೋಟಿ ರೂಪಾಯಿಗಳಿಗೂ ಮೇಲ್ಪಟ್ಟುದು. ಹೀಗೆ ಸಜ್ಜಾಗದೆ ಉಳಿದ ಸರ್ಕಾರಿ ಸಂಸ್ಥೆಗಳೂ ಅದೇ ಜಿಲ್ಲೆಗಳಲ್ಲಿ ಇದ್ದುವು. ಎಂದ ಮೇಲೆ ಮಡಿಗಳು ತಾವಾಗಿಯೇ ಸಿದ್ಧವಾಗಿವೆ. ಚೀಟಿಯಿಂದ ಆರಿಸಿದುವಲ್ಲವಾದರೂ, ಹಿಂದಿನ ವರ್ಷಗಳ ಫಲಿತಾಂಶವನ್ನು ಜೊತೆಗಿಟ್ಟುಕೊಂಡು ಎಚ್ಚರಿಕೆಯಿಂದ ಹೋಲಿಸಿದರೆ ಬಹಳ ಸಂಗತಿಗಳು ತಿಳಿದಾವು. ಯಂತ್ರವು ಬಂದುದರಿಂದ ಹುಡುಗರ ಕೂಲಿ ಹೆಚ್ಚಿತೇ, ಇಲ್ಲವೇ ಯಂತ್ರಕ್ಕೆ ಹೊದಿಸಿದ ಬಟ್ಟೆಯೇ ಹೆಚ್ಚು ಕಾಲ ಬಾಳಿತೇ ಎಂಬುದನ್ನು ಇಂತಹ ಹೋಲಿಕೆಯಿಂದಲ್ಲದೆ ಬೇರೆ ಯಾವ ವಿಧದಿಂದಲೂ ಹೇಳುವಂತಿಲ್ಲ.

“ವಿದ್ಯೆಯನ್ನು ರೂಪಾಯಿಯಿಂದ ಅಳೆಯುವುದೇ?” ಎಂದು ಕೆಲವು ಹಿರಿಯರು ಆಕ್ಷೇಪಿಸಬಹುದು. ಕಲಿತ ಹೆಣ್ಣುಮಗಳಿಗೆ ಮನೆಯಲ್ಲಿ ಮಾತು ನಡೆಯುವುದು, ತನ್ನ ಮಕ್ಕಳ ಬಟ್ಟೆಯನ್ನು ತಾನೇ ಹೊಲಿದುಕೊಳ್ಳುವುದು, ನಾಲ್ಕು ಜನರೊಡನೆ ಬೆರೆಯುವುದು, ಇವು ಸಂಪಾದನೆಯಲ್ಲವೇ? ಖಂಡಿತವಾಗಿಯೂ ಸಂಪಾದನೆಯೇ. ಹಾಗಿದ್ದರೆ ಅವನ್ನೂ ಕೇಳಿ ಬರೆದುಕೊಳ್ಳಬೇಕು. ಕೇಳದೆಯೇ ಇರುವುದಕ್ಕೆ ಅದು ನೆವವಾಗಬಾರದು. ಬಡವನ ಮಗಳು ಮೂರು ತಿಂಗಳ ಕೂಲಿಯನ್ನು ಬಿಟ್ಟು ತರಗತಿಯಲ್ಲಿ ಕುಳಿತಿರುವಳು; ಆ ಮೂರು ತಿಂಗಳ ಲೆಕ್ಕವು ಯಾವ ಇಲಾಖೆಯ ಖರ್ಚಿನ ಪಟ್ಟಿಯಲ್ಲಿಯೂ ಬಾರದು.

ಪುಟ್ಟೇನಹಳ್ಳಿಯಂತಹ ಒಂದು ಬಡಾವಣೆಯಲ್ಲಿ ಇದನ್ನು ಮಾಡಲು ಪಂಡಿತರೂ ಬೇಕಾಗಿಲ್ಲ, ದೊಡ್ಡ ಹಣವೂ ಬೇಕಾಗಿಲ್ಲ. ಒಬ್ಬ ಉಪಾಧ್ಯಾಯರೋ, ಒಂದು ಮಹಿಳಾ ಸಂಘದವರೋ, ಗೆರೆಹಾಕಿದ ಒಂದು ದಪ್ಪ ಪುಸ್ತಕವನ್ನು ಇಟ್ಟುಕೊಂಡರಾಯಿತು. ತರಬೇತಿಗೆ ಅರ್ಜಿ ಹಾಕಿದವರೆಲ್ಲರ ಹೆಸರನ್ನೂ, ಸ್ಥಳ ದೊರೆಯದವರ ಹೆಸರನ್ನು ಕೂಡ, ಅದರಲ್ಲಿ ಬರೆಯಬೇಕು, ಇದೇ ಮುಖ್ಯ. ಅರ್ಜಿಗಳು ಸ್ಥಳಕ್ಕಿಂತ ಹೆಚ್ಚಾಗಿದ್ದರೆ ಊರಿನವರೆದುರಿಗೆ ಚೀಟಿಯೆತ್ತಿದರೆ ಪಕ್ಷಪಾತದ ಮಾತೂ ತಪ್ಪುವುದು, ಮಡಿಗಳೂ ಸಿದ್ಧವಾಗುವುವು. ಆ ದಿನ ಆತನ ಕೆಲಸವೇನು, ತಿಂಗಳಿಗೆ ಸಂಪಾದನೆಯೆಷ್ಟು ಎಂದು ಕೇಳಬೇಕು. ಆರು ತಿಂಗಳಿಗೆ ಒಮ್ಮೆ, ವರ್ಷಕ್ಕೆ ಒಮ್ಮೆ, ಎರಡು ವರ್ಷಕ್ಕೆ ಒಮ್ಮೆ ಅದೇ ಎರಡು ಪ್ರಶ್ನೆಗಳನ್ನು ಎಲ್ಲರಿಗೂ ಹಾಕಬೇಕು. ಕಲಿತ ಕಸಬಿನಲ್ಲಿಯೇ ಇರುವೆಯಾ ಎಂಬುದನ್ನು ಮೂರನೆಯದಾಗಿ ಸೇರಿಸಬಹುದು. ಕೇಳುವವರು ಕಲಿಸಿದವರೇ ಆಗಿರಬಾರದು. ಇಪ್ಪತ್ತು ಮೂವತ್ತು ಹೆಸರುಗಳಿಂದ ಏನೂ ತೀರ್ಮಾನವಾಗದು, ನಿಜ. ಯಲಹಂಕ, ಹೆಬ್ಬಾಳ, ಯಶವಂತಪುರಗಳ ಹತ್ತು ಬಡಾವಣೆಗಳ ಪುಸ್ತಕಗಳು ಒಟ್ಟು ಸೇರಿದರೆ ಆಗ ಏನಾದರೂ ಹೇಳಬಹುದು.

ಅಂದು ಹೊರಡುವಾಗ ನಾವು ಆ ಹುಡುಗಿಯ ಸಂಗತಿಯನ್ನು ಗುರುತುಹಾಕಿಕೊಳ್ಳಬಹುದೇ ಎಂದು ಕೇಳಿದೆವು. ಆಕೆ ತಾಯಿಯ ಮುಖವನ್ನು ನೋಡಿ ನಕ್ಕು, “ಬರಕೊಳ್ಳಿ ಸಾರ್. ಈ ಸಲ ಟೊಮೇಟೊ ಮಾರ್ತಾಳೆ ಅಂತಲೇ ಬರಕೊಳ್ಳಿ” ಎಂದಳು. ಹಾಗೆಯೇ ಬರೆದುಕೊಂಡೆವು.